ಗಾಜಿನ ಮನೆಯ ಬಿಸಿ: ಒಂದು ವಿವರಣೆಯ ಚರಿತ್ರೆ

ಬಿಸಿಲಿನಲ್ಲಿ ನಿಂತ ಗಾಜಿನ ಮನೆಯ ಒಳಗಣ ಗಾಳಿ ಹೊರಗಣ ಗಾಳಿಗಿಂತ ಬಿಸಿಯಾಗಿರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಕಿಟಕಿಗಳನ್ನು ಮುಚ್ಚಿ ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರು ಗಾಡಿಯನ್ನು ಹತ್ತಿದವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಇದಕ್ಕೆ ಕಾರಣವೇನೆಂದು ಕೇಳಿದರೆ, ಪ್ರೌಢಶಾಲೆಯಿಂದ ಮೊದಲುಗೊಂಡು ಪದವಿ ತರಗತಿಗಳವರೆಗೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದೇ ಉತ್ತರವನ್ನು ಒಪ್ಪಿಸುತ್ತಾರೆ: ಸೂರ್ಯನ ಬೆಳಕು ಗಾಜನ್ನು ಹಾಯ್ದು ಒಳಹೊಗುತ್ತದೆ, ಒಳಗಿನ ನೆಲವೂ ಗಿಡಗಳೂ ಅದನ್ನು ಹೀರಿಕೊಂಡು ಬಿಸಿಯಾಗಿ, ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಹೊರಸೂಸುತ್ತವೆ, ಈ ಕಿರಣಗಳಿಗೆ ಗಾಜು ದಾರಿ ಕೊಡುವುದಿಲ್ಲ, ಆದಕಾರಣ ಶಾಖ ಒಳಗೇ ಸೆರೆಯಾಗುತ್ತದೆ. ಹೀಗೆ ಬರೆದವನಿಗೆ ನಾವು ಪೂರ್ಣಾಂಕ ಕೊಡುವುದೂ ವಾಡಿಕೆಯಾಗಿದೆ. ಈ ಉತ್ತರದ ಒಂದೊಂದು ಮಾತೂ ಬಹುಮಟ್ಟಿಗೆ ನಿಜ. ಆದರೂ ಒಟ್ಟು ಉತ್ತರ ಅಪೂರ್ಣ. ಮುಖ್ಯ ಕಾರಣವೇ ಅದರಲ್ಲಿ ಬಿಟ್ಟುಹೋಗಿದೆ.

ಇತಿಹಾಸವನ್ನು ಬೋಧಿಸುವವರು ಭೌತಶಾಸ್ತ್ರದ ಈ ಪ್ರಶ್ನೆಯನ್ನು ಏಕೆ ಎತ್ತಿಕೊಳ್ಳಬೇಕೆಂದು ವಾಚಕರು ಕೇಳಬಹುದು. ಬಿಟ್ಟುಹೋದ ಆ ಕಾರಣ ಯಾರಿಗೂ ಹೊಳೆದಿರಲಿಲ್ಲವೆಂದಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ ಎರಡು ಕಾರಣಗಳನ್ನೂ ಅಕ್ಕಪಕ್ಕದಲ್ಲಿಟ್ಟು ಹೇಳಿದ್ದನು. ಅನಂತರದ ಬರೆವಣಿಗೆಯಲ್ಲಿ ಎರಡನೆಯದು ಉಳಿದುಕೊಂಡಿತು, ಮೊದಲನೆಯದು ಜಾರಿಹೋಯಿತು. ಮೂಲವನ್ನು ಬಿಟ್ಟು ಸಾರಾಂಶವನ್ನೂ, ಸಾರಾಂಶವನ್ನು ಬಿಟ್ಟು ಅದರ ಸಾರಾಂಶವನ್ನೂ ನೆಚ್ಚಿಕೊಂಡಾಗ ಏನಾಗುತ್ತದೆಂಬುದನ್ನು ಶಾಸನಗಳನ್ನೂ ಬಖೈರುಗಳನ್ನೂ ಓದುವವರು ಚೆನ್ನಾಗಿ ಬಲ್ಲರು. ಇಲ್ಲಿಯೂ ಆದದ್ದು ಅದೇ. ಇಷ್ಟೇ ಆಗಿದ್ದರೆ ಇದು ಒಂದು ವಿನೋದದ ಸಂಗತಿಯಾಗಿ ಉಳಿಯುತ್ತಿತ್ತು. ಆದರೆ ಈ ಮನೆಯ ಹೆಸರನ್ನೇ ಈಗ ಭೂಮಿಯ ವಾಯುಮಂಡಲದ ಒಂದು ಮಹತ್ತರ ವ್ಯಾಪಾರಕ್ಕೆ ಇಟ್ಟಿರುವುದರಿಂದ, ಮನೆಯ ವಿಷಯದಲ್ಲಿ ತಪ್ಪಿದವರು ವಾಯುಮಂಡಲದ ವಿಷಯದಲ್ಲಿಯೂ ತಪ್ಪುವ ಸಂಭವವಿದೆ. ಮನೆಯ ತಪ್ಪನ್ನು ಕಂಡುಕೊಂಡವರು ವಾಯುಮಂಡಲದ ವಿಜ್ಞಾನವನ್ನೇ ಸುಳ್ಳೆನ್ನುವ ಅಪಾಯವೂ ಇದೆ.

ಗಾಜಿನ ಮನೆಗಿಂತ ಹಳೆಯದು ಅದರ ಉದ್ದೇಶ. ರೋಮನ್ ಚಕ್ರವರ್ತಿ ಟೈಬೀರಿಯಸನಿಗೆ ಸೌತೆಯ ಜಾತಿಯ ಕಾಯಿಯೊಂದು ದಿನವೂ ಊಟಕ್ಕೆ ಬೇಕಾಗಿತ್ತೆಂದು ಪ್ಲಿನಿ ತನ್ನ ನಿಸರ್ಗಚರಿತ್ರೆಯಲ್ಲಿ ಬರೆದಿದ್ದಾನೆ. ತೋಟಗಾರರು ಗಾಲಿಗಳ ಮೇಲೆ ಮಡಿಗಳನ್ನು ಮಾಡಿ ಬಿಸಿಲು ಬಂದಾಗ ಹೊರಗೆ ತಳ್ಳುತ್ತಿದ್ದರು. ಚಳಿಯ ದಿನಗಳಲ್ಲಿ, ಬೆಳಕು ಹಾಯುವ ಒಂದು ಬಗೆಯ ಶಿಲೆಯ ತೆಳುಹಲಗೆಗಳನ್ನು ಹೊದಿಸಿದ ಚೌಕಟ್ಟಿನ ಅಡಿಗೆ ಎಳೆದುಕೊಳ್ಳುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ಅರಸರು ಕಿತ್ತಳೆಯ ಗಿಡಗಳಿಗಾಗಿ ಕಟ್ಟಿಸಿದ ಮನೆಗಳಿಗೂ ಗಾಜಿನ ಛಾವಣಿಯಿರಲಿಲ್ಲ. ವರ್ಸಾಯಿಯಲ್ಲಿ ೧೬೮೪ರಿಂದ ೧೬೮೬ರವರೆಗೆ ಕಟ್ಟಿದ ಕಿತ್ತಳೆ ಮನೆಗೆ ದಪ್ಪ ಗೋಡೆಗಳೂ ಕಲ್ಲಿನ ಕಮಾನುಗಳೂ ದಕ್ಷಿಣಕ್ಕೆ ಎತ್ತರದ ಕಿಟಕಿಗಳೂ ಇವೆ, ಅಷ್ಟೆ. ಗಾಜು ಆಗ ದುಬಾರಿಯ ಸಾಮಗ್ರಿ. ಇಂಗ್ಲೆಂಡಿನಲ್ಲಂತೂ ೧೭೪೬ರಲ್ಲಿ ಗಾಜಿನ ತಯಾರಿಕೆಯ ಮೇಲೆ ಸುಂಕ ಬಿದ್ದಿತು. ಅದು ತೊಲಗಿದುದು ೧೮೪೫ರಲ್ಲಿ. ದೊಡ್ಡ ಗಾಜಿನ ಮನೆಗಳ ಯುಗ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಂದುದಕ್ಕೆ ಕಬ್ಬಿಣದ ಕೆಲಸದ ಪ್ರಗತಿಯೊಡನೆ ಈ ಸುಂಕದ ರದ್ದತಿಯೂ ಕಾರಣ. ೧೮೫೧ರ ಲಂಡನ್ ಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್ಟನ್ ರೂಪಿಸಿದ ಸ್ಫಟಿಕ ಭವನಕ್ಕೆ ಸುಮಾರು ಮೂರು ಲಕ್ಷ ಗಾಜಿನ ಹಲಗೆಗಳು ಬೇಕಾದವು.

ಈ ಕಟ್ಟಡಗಳನ್ನು ನಡೆಸಿದವರಿಗೆ ಸಿದ್ಧಾಂತ ತಿಳಿದಿತ್ತೋ ಇಲ್ಲವೋ, ಅನುಭವವಂತೂ ಇತ್ತು. ಅದೇ ಪ್ಯಾಕ್ಸ್ಟನ್ ೧೮೩೬ರಿಂದ ೧೮೪೦ರವರೆಗೆ ಚಾಟ್ಸ್‌ವರ್ತ್‌ನಲ್ಲಿ ಕಟ್ಟಿದ ಮಹಾ ಸಸ್ಯಗೃಹ ೨೭೭ ಅಡಿ ಉದ್ದ, ೧೨೩ ಅಡಿ ಅಗಲವಾಗಿತ್ತು. ಉಷ್ಣವಲಯದ ಗಿಡಗಳನ್ನು ಅದರಲ್ಲಿ ಬದುಕಿಸಿಕೊಳ್ಳುವುದಕ್ಕೆ ಎಂಟು ಬಾಯ್ಲರುಗಳೂ ಏಳು ಮೈಲಿಗಳಷ್ಟು ಬಿಸಿನೀರಿನ ಕೊಳವೆಗಳೂ ಬೇಕಾದವು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲನ್ನು ಇದಕ್ಕೆ ವೆಚ್ಚಮಾಡುವಂತಿರಲಿಲ್ಲ, ಗಿಡಗಳು ಸತ್ತವು, ೧೯೨೦ರಲ್ಲಿ ಕಟ್ಟಡವನ್ನೇ ಕೆಡವಿದರು. ಹಗಲಿನ ಶಾಖವನ್ನು ಗಾಜು ನಿಜವಾಗಿ ‘ಸೆರೆ’ಹಿಡಿಯುವುದಾಗಿದ್ದರೆ ಆ ಗಿಡಗಳಿಗೆ ಈ ಗತಿ ಬರುತ್ತಿರಲಿಲ್ಲ. ಕ್ಯೂ ಉದ್ಯಾನದಲ್ಲಿ ೧೮೪೪ರಿಂದ ೧೮೪೮ರವರೆಗೆ ಕಟ್ಟಿದ ತಾಳೆಮನೆಯಲ್ಲಿ ಭಯವಿದ್ದುದು ಎದುರು ದಿಕ್ಕಿನಿಂದ. ಬಿಸಿಲಿನ ಶಾಖಕಿರಣಗಳು ಎಲೆಗಳನ್ನು ಸುಟ್ಟಾವೆಂದು ರಾಬರ್ಟ್ ಹಂಟ್ ಎಂಬ ವಿಜ್ಞಾನಿಯ ಸಲಹೆಯಂತೆ ಅದಕ್ಕೆ ಹಸಿರು ಛಾಯೆಯ ಗಾಜನ್ನು ಹಾಕಿಸಿದರು. ಗಾಜು ಎಲ್ಲ ಕಿರಣಗಳನ್ನೂ ಒಂದೇ ಸಮನಾಗಿ ಬಿಡುವುದಿಲ್ಲವೆಂಬ ತಿಳಿವಳಿಕೆ ಆ ವೇಳೆಗೆ ತೋಟಗಾರಿಕೆಯವರೆಗೂ ಬಂದಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಪ್ರಯೋಗದ ದಾರಿಯಲ್ಲಿ ಈ ಪ್ರಶ್ನೆಯನ್ನು ಮೊದಲು ಹಿಡಿದವನು ಜಿನೀವಾ ನಗರದ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್. ಆಲ್ಪ್ಸ್ ಪರ್ವತಗಳನ್ನು ಹತ್ತಿ ಇಳಿದು ಅಳೆದವನೆಂದು ಆತನು ಹೆಚ್ಚು ಪ್ರಸಿದ್ಧ. ಗಾಜನ್ನು ಹಾಯ್ದು ಬಿಸಿಲು ಬಿದ್ದ ಕೋಣೆಯಾಗಲಿ ಸಾರೋಟಾಗಲಿ ಬಿಸಿಯಾಗುವುದು ಬಹುಕಾಲದಿಂದ ತಿಳಿದ ವಿಷಯವಾಗಿದ್ದರೂ, ಆ ಬಿಸಿ ಎಷ್ಟರಮಟ್ಟಿಗೆ ಏರಬಲ್ಲುದೆಂದು ಯಾರೂ ಅಳೆಯದಿರುವುದು ಆತನಿಗೆ ಸೋಜಿಗವೆನಿಸಿತು. ೧೭೬೭ರಲ್ಲಿ ಆತನು ಒಂದರೊಳಗೊಂದು ಕೂಡುವಂತೆ ಐದು ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ, ಕಪ್ಪು ಮೇಜಿನ ಮೇಲೆ ಬೋರಲಾಗಿಟ್ಟು, ಬಿಸಿಲಿಗೆ ಒಡ್ಡಿದನು. ಹೊರಗಿನ ಪೆಟ್ಟಿಗೆಯಿಂದ ಒಳಗಿನದಕ್ಕೆ ಹೋದಂತೆಲ್ಲ ಉಷ್ಣತೆ ಏರುತ್ತಾ ಹೋಗಿ, ನಟ್ಟನಡುವಿನ ಪೆಟ್ಟಿಗೆಯಲ್ಲಿ ೮೭ ಡಿಗ್ರಿ ಸೆಂಟಿಗ್ರೇಡನ್ನು ಮೀರಿತು. ಅದರಲ್ಲಿಟ್ಟ ಹಣ್ಣುಗಳು ಬೆಂದವು. ಮುಂದೆ ಆತನು ಒಳಗೆ ಕಪ್ಪು ಬೆಂಡನ್ನು ಹೊದಿಸಿದ ಮರದ ಪೆಟ್ಟಿಗೆಯನ್ನು ಮಾಡಿ, ಅದರ ಬಾಯಿಗೆ ಮೂರು ಗಾಜುಗಳನ್ನು ನಡುವೆ ತೆರಪು ಬಿಟ್ಟು ಕೂರಿಸಿದನು. ಇದರಲ್ಲಿ ನೀರಿನ ಕುದಿಬಿಂದುವನ್ನೂ ದಾಟಿ ಸುಮಾರು ೧೧೦ ಡಿಗ್ರಿಯವರೆಗೆ ಬಿಸಿ ಏರಿತು. ಸೌರ ಒಲೆಗಳ ಮೂಲಪುರುಷನೆಂದು ಈಗ ಎಣಿಸುವುದು ಈ ಪೆಟ್ಟಿಗೆಯನ್ನೇ.

ಆದರೆ ಸೊಸ್ಯೂರನಿಗೆ ಅಡಿಗೆಯಲ್ಲಿ ಆಸಕ್ತಿಯಿರಲಿಲ್ಲ. ಸೂರ್ಯನಿಗೆ ಸಮೀಪವಾದ ಪರ್ವತಶಿಖರ ಬಯಲಿಗಿಂತ ಏಕೆ ತಣ್ಣಗಿದೆಯೆಂಬುದು ಆತನ ಪ್ರಶ್ನೆ. ಆದಕಾರಣ ೧೭೭೪ರಲ್ಲಿ ಪೆಟ್ಟಿಗೆಯನ್ನು ಕ್ರಾಮೋಂ ಎಂಬ ಶಿಖರಕ್ಕೆ ಹೊರಿಸಿಕೊಂಡು ಹೋದನು. ಶಿಖರದಲ್ಲಿ ಗಾಳಿ ಬಯಲಿನ ಗಾಳಿಗಿಂತ ಬಹಳ ತಣ್ಣಗಿದ್ದಿತು. ಆದರೂ ಪೆಟ್ಟಿಗೆಯೊಳಗಿನ ಉಷ್ಣತೆ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಆಯಿತು. ಶಿಖರದ ಮೇಲೆ ಬಿಸಿಲಿಗೆ ಕೊರತೆಯಿಲ್ಲ, ಅಲ್ಲಿಯ ತೆಳುವಾದ ನಿರ್ಮಲ ಗಾಳಿಗೆ ಶಾಖವನ್ನು ಉಳಿಸಿಕೊಳ್ಳುವ ಶಕ್ತಿಯಿಲ್ಲ ಎಂಬ ನಿರ್ಣಯಕ್ಕೆ ಇದು ದಾರಿಯಾಯಿತು. ತನ್ನ ಪೆಟ್ಟಿಗೆ ಮುಂದೆ ಇಡೀ ಭೂಮಿಗೆ ಉಪಮಾನವಾಗುವುದೆಂದು ಆತನು ಎಣಿಸಿರಲಾರನು.

ಆ ಉಪಮಾನವನ್ನು ಕೊಟ್ಟವನು ಫೂರಿಯೇ. ನೆಪೋಲಿಯನ್ನನೊಡನೆ ೧೭೯೮ರಲ್ಲಿ ಈಜಿಪ್ಟಿಗೆ ಹೋಗಿ, ಹಿಂದಿರುಗಿದ ಮೇಲೆ ಗ್ರೆನೋಬಲ್ ಪ್ರಾಂತದ ಆಡಳಿತಗಾರನಾಗಿ, ಬಿಡುವಿನ ವೇಳೆಯಲ್ಲಿ ಉಷ್ಣದ ಗಣಿತವನ್ನು ಕಟ್ಟಿದ ಈತನ ಜೀವನಚರಿತ್ರೆ ನಮ್ಮ ವಿಭಾಗದ ವಿದ್ಯಾರ್ಥಿಗಳು ಓದಬೇಕಾದುದು. ಇಲ್ಲಿ ಅದಕ್ಕೆ ಎಡೆಯಿಲ್ಲ. ೧೮೨೪ರಲ್ಲಿ ಪ್ರಕಟವಾದ, ೧೮೨೭ರಲ್ಲಿ ಮತ್ತೆ ಅಚ್ಚಾದ ಪ್ರಬಂಧದಲ್ಲಿ ಆತನು ಭೂಮಿಯ ಉಷ್ಣತೆಯನ್ನು ನಿಯಮಿಸುವ ಕಾರಣಗಳನ್ನು ವಿಚಾರಿಸುತ್ತಾ ಸೊಸ್ಯೂರನ ಪೆಟ್ಟಿಗೆಯನ್ನು ಪ್ರಸ್ತಾಪಿಸಿದನು. ಪೆಟ್ಟಿಗೆ ಬಿಸಿಯಾಗುವುದಕ್ಕೆ ಆತನು ಹೇಳಿದ ಕಾರಣಗಳು ಎರಡು. ಒಂದು, ಒಳಗಿನ ಗಾಳಿ ಹೊಸ ಗಾಳಿಯೊಡನೆ ಬದಲಾಗದಿರುವುದರಿಂದ ಬಂದ ಶಾಖ ಕೂಡಲೆ ಚದರಿಹೋಗುವುದಿಲ್ಲ. ಇನ್ನೊಂದು, ಬೆಳಕಿನ ರೂಪದಲ್ಲಿರುವ ಸೂರ್ಯನ ಶಾಖದ ಗುಣ ಬೇರೆ, ಬಿಸಿಯಾದ ವಸ್ತುಗಳಿಂದ ಬರುವ ಕತ್ತಲೆಯ ಶಾಖದ ಗುಣ ಬೇರೆ. ಮೊದಲನೆಯದನ್ನು ಗಾಜು ಬಿಡುತ್ತದೆ, ಎರಡನೆಯದನ್ನು ತಡೆಯುತ್ತದೆ.

ಫೂರಿಯೇ ಇನ್ನೂ ಒಂದು ಎಚ್ಚರಿಕೆಯನ್ನು ವಹಿಸಿದ್ದನು. ವಾಯುಮಂಡಲದ ಪದರಗಳು ಪಾರದರ್ಶಕವಾಗಿಯೇ ಉಳಿದು ಗಟ್ಟಿಯಾಗಿ ನಿಂತುಬಿಟ್ಟರೆ ಆಗ ಅವು ಪೆಟ್ಟಿಗೆಯ ಗಾಜುಗಳಂತೆ ವರ್ತಿಸುತ್ತವೆಂಬುದು ಆತನ ಮಾತಿನ ತಾತ್ಪರ್ಯ. ಗಾಳಿ ಗಟ್ಟಿಯಾಗಿ ನಿಲ್ಲುವುದಿಲ್ಲವೆಂಬುದನ್ನು ಆತನು ಬಲ್ಲನು. ಉಪಮಾನ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಎಲ್ಲೆಯನ್ನು ಉಪಮಾನ ಕೊಟ್ಟವನೇ ಗುರುತಿಸಿದ್ದನೆಂದಾಯಿತು. ಆತನು ಸಸ್ಯಗೃಹವನ್ನು ಹೆಸರಿಸಲೂ ಇಲ್ಲ. ಆತನ ಮುಂದಿದ್ದುದು ಪರ್ವತ ಹತ್ತಿದ ಆ ಮರದ ಪೆಟ್ಟಿಗೆ.

ಅನಂತರದ ಕೆಲಸ ಎರಡನೆಯ ಕಾರಣದ ಕಡೆಗೇ ಹರಿಯಿತು. ಅಳೆಯುವುದಕ್ಕೆ ಹೊಸ ಉಪಕರಣಗಳು ದೊರೆತುದು ಅಲ್ಲಿ. ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ ಬಿಸಿಲಿಗಿಟ್ಟು ನೋಡಿದಳು. ಸಾಮಾನ್ಯ ಗಾಳಿ ೧೦೬ ಡಿಗ್ರಿ ಫ್ಯಾರನ್‌ಹೀಟಿಗೆ ಏರಿದಾಗ ಇಂಗಾಲಾಮ್ಲ ವಾಯು, ಎಂದರೆ ಇಂದು ನಾವು ಇಂಗಾಲದ ಡೈಆಕ್ಸೈಡ್ ಎನ್ನುವುದು, ೧೨೫ ಡಿಗ್ರಿಗೆ ಏರಿತು. ಬಿಸಿಲಿನಿಂದ ತೆಗೆದ ಮೇಲೆ ತಣಿಯುವುದಕ್ಕೂ ಬಹಳ ಹೆಚ್ಚು ಹೊತ್ತು ಹಿಡಿಯಿತು. ವಾಯುಮಂಡಲದಲ್ಲಿ ಈ ವಾಯು ಹೆಚ್ಚಾದರೆ ಭೂಮಿಯೂ ಹೆಚ್ಚು ಬಿಸಿಯಾದೀತೆಂದು ಆಕೆ ಊಹಿಸಿದಳು. ಈ ಪ್ರಬಂಧವನ್ನು ೧೮೫೬ರಲ್ಲಿ ಆಲ್ಬನಿಯ ವಿಜ್ಞಾನ ಸಮ್ಮೇಳನದಲ್ಲಿ ಓದಿದವನು ಆಕೆಯಲ್ಲ, ಜೋಸೆಫ್ ಹೆನ್ರಿ. ಅದೇ ವರ್ಷ ಪತ್ರಿಕೆಯಲ್ಲಿ ಅಚ್ಚಾಗಿದ್ದರೂ ಮುಂದಿನ ಒಂದೂವರೆ ಶತಮಾನ ಆಕೆಯ ಹೆಸರು ಮರೆವಿಗೆ ಸಂದಿತ್ತು. ಪ್ರಯೋಗದಲ್ಲಿ ಒಂದು ಮಿತಿಯಿತ್ತೆಂಬುದನ್ನೂ ಹೇಳಬೇಕು: ಕೊಳವೆಗಳು ಗಾಜಿನವಾದುದರಿಂದ ಸೂರ್ಯನ ಶಾಖ ಯಾವುದು, ಕತ್ತಲೆಯ ಶಾಖ ಯಾವುದು ಎಂಬುದನ್ನು ಅದು ಬೇರ್ಪಡಿಸಲಾರದಾಗಿತ್ತು.

ಆ ಬೇರ್ಪಡಿಕೆಯನ್ನು ಮಾಡಿದವನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಜಾನ್ ಟಿಂಡಲ್. ೧೮೫೯ರಿಂದ ಮುಂದೆ ಆತನು ಉದ್ದನೆಯ ಕೊಳವೆಯಲ್ಲಿ ವಾಯುಗಳನ್ನು ತುಂಬಿ, ಅವುಗಳ ಮೂಲಕ ಕತ್ತಲೆಯ ಶಾಖವನ್ನು ಹಾಯಿಸಿ ಅಳೆದನು. ಕೊಳವೆಯ ಎರಡು ತುದಿಗಳನ್ನು ಮುಚ್ಚಬೇಕಲ್ಲ! ಗಾಜಿನಿಂದ ಮುಚ್ಚಿದರೆ ಅಳೆಯಬೇಕಾದ ಶಾಖವೇ ತಡೆದುಹೋಗುತ್ತದೆ. ಆದುದರಿಂದ ಆತನು ಸೈಂಧವ ಲವಣದ ಹರಳಿನಿಂದ ಕಡೆದ ಹಲಗೆಗಳನ್ನು ಬಳಸಿದನು. ನಮ್ಮ ಮನೆಗಳಲ್ಲಿ ಔಷಧಕ್ಕೂ ಉಪವಾಸದ ಅಡಿಗೆಗೂ ಬಳಸುವ ಈ ಉಪ್ಪಿನ ನಿರ್ಮಲವಾದ ಹರಳು ಬೆಳಕನ್ನೂ ಕತ್ತಲೆಯ ಶಾಖವನ್ನೂ ಸಮನಾಗಿ ಹೋಗಗೊಡುತ್ತದೆ. ಈ ಹಲಗೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಇನ್ನೊಮ್ಮೆ ಬರುತ್ತದೆ. ಗಾಳಿಯ ಬಹುಭಾಗವಾದ ಸಾರಜನಕ ಆಮ್ಲಜನಕಗಳು ಈ ಶಾಖಕ್ಕೆ ಹೆಚ್ಚುಕಡಿಮೆ ಪಾರದರ್ಶಕವೆಂದೂ, ನೀರಾವಿ, ಇಂಗಾಲಾಮ್ಲ ವಾಯು ಮೊದಲಾದ ಅಲ್ಪಾಂಶಗಳೇ ಅದನ್ನು ಹೀರಿಕೊಳ್ಳುತ್ತವೆಂದೂ ಟಿಂಡಲ್ ತೋರಿಸಿದನು. ಇದನ್ನು ವಿವರಿಸಲು ಆತನು ಕೊಟ್ಟ ಹೋಲಿಕೆ ಗಾಜಿನ ಮನೆಯದಲ್ಲ, ಹೊಳೆಗೆ ಕಟ್ಟಿದ ಒಡ್ಡಿನದು. ಒಡ್ಡಿನ ಹಿಂದೆ ನೀರಿನ ಆಳ ಹೆಚ್ಚುತ್ತದೆ. ಆದರೆ ನೀರು ಮೇಲೇರಿ ಒಡ್ಡನ್ನು ದಾಟಿ ಹರಿಯತೊಡಗಿದ ಮೇಲೆ ಬರುವಷ್ಟೇ ನೀರು ಹೋಗುತ್ತಿರುತ್ತದೆ. ಕಟ್ಟೆ ಕಾಲುವೆಗಳ ನಾಡಿನಲ್ಲಿ ಬೆಳೆದವರಿಗೆ ಇದಕ್ಕಿಂತ ತಿಳಿಯಾದ ಹೋಲಿಕೆ ಬೇಕಿಲ್ಲ. ಆದರೂ ಪಠ್ಯಪುಸ್ತಕಗಳು ಇದನ್ನು ಕೈಬಿಟ್ಟು ಗಾಜಿನ ಮನೆಯನ್ನು ಹಿಡಿದುವು.

ಜಾರುವಿಕೆ ಎದ್ದು ಕಾಣುವುದು ೧೮೯೬ರಲ್ಲಿ. ಸ್ವೀಡನ್ನಿನ ರಸಾಯನ ವಿಜ್ಞಾನಿ ಸ್ವಾಂಟೆ ಅರ್ಹೀನಿಯಸ್ ಇಂಗಾಲಾಮ್ಲ ವಾಯುವಿನ ಪ್ರಮಾಣ ಏರಿದರೆ ಇಳಿದರೆ ಭೂಮಿಯ ಉಷ್ಣತೆ ಎಷ್ಟು ಮಾರ್ಪಡುವುದೆಂದು ಕೈಯಿಂದಲೇ ಲೆಕ್ಕಹಾಕಿದ ಆ ಪ್ರಸಿದ್ಧ ಪ್ರಬಂಧದ ಆರಂಭದಲ್ಲಿ ಫೂರಿಯೇಯ ಮತವನ್ನು ಒಂದು ವಾಕ್ಯದಲ್ಲಿ ಸಂಗ್ರಹಿಸಿದನು. ಆ ವಾಕ್ಯದಲ್ಲಿ ಮರದ ಪೆಟ್ಟಿಗೆಯ ಸ್ಥಳದಲ್ಲಿ ಸಸ್ಯಗೃಹದ ಗಾಜು ಬಂದು ಕುಳಿತಿದೆ. ಬೆಳಕನ್ನು ಬಿಟ್ಟು ಕತ್ತಲೆಯ ಕಿರಣಗಳನ್ನು ತಡೆಯುವ ಮಾತು ಇದೆ. ಗಾಳಿ ಬದಲಾಗದಿರುವ ಮಾತು ಇಲ್ಲ. ಅರ್ಹೀನಿಯಸನನ್ನು ದೂಷಿಸುವುದು ನ್ಯಾಯವಲ್ಲ. ಆತನಿಗೆ ಬೇಕಾಗಿದ್ದುದು ವಾಯುಮಂಡಲ, ತೋಟವಲ್ಲ. ವಾಯುಮಂಡಲಕ್ಕೆ ಸಲ್ಲುವ ಅಂಶವನ್ನೇ ಆತನು ಎತ್ತಿಕೊಂಡನು. ಆದರೆ ಆ ವಾಕ್ಯವನ್ನು ಓದಿದವರು ಅದನ್ನು ಸಸ್ಯಗೃಹದ ಪೂರ್ಣ ವಿವರಣೆಯೆಂದೇ ಭಾವಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ‘ಹಸಿರುಮನೆ ಪರಿಣಾಮ’ವೆಂಬ ಹೆಸರು ಬಳಕೆಗೆ ಬಂದಮೇಲೆ ಈ ಭಾವನೆ ಇನ್ನಷ್ಟು ಬೇರುಬಿಟ್ಟಿತು.

ಇದನ್ನು ಪರೀಕ್ಷೆಗೆ ಒಡ್ಡಿದವನು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ರಾಬರ್ಟ್ ವುಡ್. ಫ್ರಾನ್ಸಿನಲ್ಲಿ ಕಂಡುಹಿಡಿದೆವೆಂದು ಹೇಳಿಕೊಂಡಿದ್ದ ‘ಎನ್’ ಕಿರಣಗಳು ಕೇವಲ ಭ್ರಮೆಯೆಂದು ೧೯೦೪ರಲ್ಲಿ, ಕತ್ತಲೆಯ ಕೋಣೆಯಲ್ಲಿ ಉಪಕರಣದ ಪಟ್ಟಕವನ್ನು ಮೆಲ್ಲಗೆ ತೆಗೆದು ಜೇಬಿಗೆ ಸೇರಿಸಿ ತೋರಿಸಿಕೊಟ್ಟ ಚತುರನೇ ಈತ. ೧೯೦೯ರಲ್ಲಿ ಆತನು ಕಪ್ಪು ರಟ್ಟಿನಿಂದ ಎರಡು ಪೆಟ್ಟಿಗೆಗಳನ್ನು ಮಾಡಿ, ಸುತ್ತಲೂ ಹತ್ತಿಯನ್ನು ಒತ್ತಿ, ಒಳಗೆ ಒಂದೊಂದು ಉಷ್ಣಮಾಪಕವನ್ನು ಇಟ್ಟನು. ಒಂದರ ಬಾಯಿಗೆ ಗಾಜಿನ ಹಲಗೆ. ಇನ್ನೊಂದಕ್ಕೆ ಅಷ್ಟೇ ದಪ್ಪದ ಸೈಂಧವ ಲವಣದ ಹಲಗೆ. ಕತ್ತಲೆಯ ಕಿರಣಗಳ ತಡೆಯೇ ಬಿಸಿಗೆ ಕಾರಣವಾಗಿದ್ದರೆ ಗಾಜಿನ ಪೆಟ್ಟಿಗೆ ಬಹಳ ಬಿಸಿಯಾಗಬೇಕು, ಉಪ್ಪಿನ ಪೆಟ್ಟಿಗೆ ಹಾಗಾಗಬಾರದು. ಆದುದೇನು? ಎರಡೂ ಸುಮಾರು ೬೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಬಿಸಿಯಾದವು; ಉಪ್ಪಿನ ಪೆಟ್ಟಿಗೆಯೇ ಒಂದಿಷ್ಟು ಮುಂದಿತ್ತು. ಸೂರ್ಯನ ಬೆಳಕಿನಲ್ಲಿಯೇ ಇರುವ, ಗಾಜು ತಡೆಯುವ ಕೆಲವು ದೀರ್ಘ ಕಿರಣಗಳು ಉಪ್ಪಿನ ಮೂಲಕ ಒಳಹೊಗುವುದರಿಂದ ಹೀಗಾಯಿತೆಂದು ತರ್ಕಿಸಿ, ಎರಡು ಪೆಟ್ಟಿಗೆಗಳ ಮೇಲೂ ಬೀಳುವ ಬಿಸಿಲನ್ನು ಮೊದಲೇ ಒಂದು ಗಾಜಿನ ಮೂಲಕ ಹಾಯಿಸಿದನು. ಆಗ ಉಷ್ಣತೆ ೫೫ ಡಿಗ್ರಿಯ ಹತ್ತಿರ ನಿಂತಿತು; ಎರಡು ಪೆಟ್ಟಿಗೆಗಳ ನಡುವೆ ಒಂದು ಡಿಗ್ರಿಯ ಅಂತರವೂ ಕಾಣಲಿಲ್ಲವೆನ್ನಬಹುದು. ಪೆಟ್ಟಿಗೆಯನ್ನು ಬಿಸಿಮಾಡುವುದು ಮುಖ್ಯವಾಗಿ ಗಾಳಿಯ ಬಂಧನವೇ ಎಂದು ವುಡ್ ತೀರ್ಮಾನಿಸಿದನು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಚಾರ್ಲ್ಸ್ ಆಬಟ್ ಬರೆದ ಟಿಪ್ಪಣಿಯೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆಯಿತು.

ಗಾಜಿನ ಮನೆಯೊಳಗೆ ನಡೆಯುವುದನ್ನು ಈಗ ಕ್ರಮವಾಗಿ ಹೇಳಬಹುದು. ಬೆಳಕು ಒಳಬಂದು ನೆಲವನ್ನು ಬಿಸಿಮಾಡುತ್ತದೆ. ನೆಲ ತನಗೆ ತಾಗಿದ ಗಾಳಿಯನ್ನು ಬಿಸಿಮಾಡುತ್ತದೆ. ಬಯಲಿನಲ್ಲಾದರೆ ಬಿಸಿಯಾದ ಗಾಳಿ ಹಿಗ್ಗಿ ಹಗುರವಾಗಿ ಮೇಲೇರುತ್ತದೆ, ಅದರ ಸ್ಥಾನಕ್ಕೆ ತಣ್ಣನೆಯ ಗಾಳಿ ಬರುತ್ತದೆ. ನೂರಾರು ಅಡಿ ಎತ್ತರದ ಗಾಳಿಗೆ ಆ ಶಾಖ ಹಂಚಿಹೋಗುತ್ತದೆ. ಇದಕ್ಕೆ ಸಂವಹನವೆಂದು ಹೆಸರು. ಮನೆಯೊಳಗೆ ಈ ಹಂಚಿಕೆಗೆ ಛಾವಣಿ ಅಡ್ಡಬರುತ್ತದೆ. ಅದೇ ಸ್ವಲ್ಪ ಗಾಳಿ ಮತ್ತೆ ಮತ್ತೆ ನೆಲವನ್ನು ತಾಗಿ ಮತ್ತೆ ಮತ್ತೆ ಬಿಸಿಯಾಗುತ್ತದೆ. ಹೊರಗಿನ ಗಾಳಿ ಬೀಸಿ ಶಾಖವನ್ನು ಒಯ್ಯುವುದಕ್ಕೂ ಗೋಡೆಗಳು ಎಡೆಗೊಡುವುದಿಲ್ಲ.

ಹಾಗಾದರೆ ಕತ್ತಲೆಯ ಕಿರಣಗಳ ಪಾತ್ರ ಶೂನ್ಯವೇ? ಅಲ್ಲ. ಸೂರ್ಯನ ಶಕ್ತಿಯ ಬಹುಭಾಗ ಬರುವುದು ೩ ಮೈಕ್ರಾನಿಗಿಂತ ಕಡಮೆ ತರಂಗಾಂತರದ ಕಿರಣಗಳಲ್ಲಿ; ಇವುಗಳಿಗೆ ಗಾಜು ಪಾರದರ್ಶಕ. ನೆಲವೂ ಎಲೆಗಳೂ ಸೂಸುವ ಕಿರಣಗಳು ೧೦ ಮೈಕ್ರಾನಿನ ಆಸುಪಾಸಿನಲ್ಲಿ ಅತ್ಯಧಿಕ. ಇವನ್ನು ಗಾಜು ಹೀರಿಕೊಳ್ಳುತ್ತದೆ. ಆದರೆ ಹೀರಿಕೊಂಡ ಗಾಜು ತಾನೂ ಬಿಸಿಯಾಗುತ್ತದೆ. ಆ ಶಾಖದ ಒಂದು ಭಾಗವನ್ನು ಒಳಕ್ಕೂ ಒಂದು ಭಾಗವನ್ನು ಹೊರಕ್ಕೂ ಸೂಸುತ್ತದೆ. ಹೊರಗಿನ ಗಾಳಿಗೂ ಕೊಡುತ್ತದೆ. ತೆಳುವಾದ ಹಲಗೆಯಾದುದರಿಂದ ವಹನದಿಂದಲೂ ಶಾಖ ಹೊರಗೆ ಹೋಗುತ್ತದೆ. ಗಾಜು ಶಾಖಕ್ಕೆ ಸೆರೆಮನೆಯಲ್ಲ, ಸುಂಕದ ಕಟ್ಟೆ ಮಾತ್ರ. ಹಗಲಿನಲ್ಲಿ ಈ ಎರಡನೆಯ ಕಾರಣದ ಪಾಲು ಮೊದಲನೆಯದಕ್ಕಿಂತ ಕಡಮೆ. ತೋಟದ ಮಾಲಿಗೆ ಇದು ಯಾವಾಗಲೂ ಗೊತ್ತು. ಮನೆ ಅತಿಯಾಗಿ ಬಿಸಿಯಾದಾಗ ಅವನು ಛಾವಣಿಯ ತುದಿಯಲ್ಲಿ ಒಂದೆರಡು ಕಿಂಡಿಗಳನ್ನು ತೆರೆಯುತ್ತಾನೆ. ಗಾಜಿನ ಒಟ್ಟು ವಿಸ್ತೀರ್ಣದಲ್ಲಿ ಅದು ಅತ್ಯಲ್ಪ ಭಾಗ. ಕತ್ತಲೆಯ ಕಿರಣಗಳಿಗೆ ಅದರಿಂದ ದೊರೆಯುವ ದಾರಿಯೂ ಅತ್ಯಲ್ಪ. ಆದರೂ ಉಷ್ಣತೆ ಇಳಿದುಬಿಡುತ್ತದೆ, ಏಕೆಂದರೆ ಬಿಸಿಗಾಳಿಗೆ ಹೊರಡಲು ಬಾಗಿಲು ಸಿಕ್ಕಿತು.

ನಮ್ಮ ಕಾಲದಲ್ಲಿ ಇದಕ್ಕೆ ಇನ್ನೊಂದು ಸಾಕ್ಷಿ ದೊರೆತಿದೆ. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಕಡೆ ಗುಲಾಬಿಯನ್ನೂ ದೊಣ್ಣೆ ಮೆಣಸಿನಕಾಯಿಯನ್ನೂ ಬೆಳೆಯುವ ಪಾಲಿಹೌಸುಗಳಿಗೆ ಹೊದಿಸುವುದು ಗಾಜನ್ನಲ್ಲ, ಪಾಲಿಥಿನ್ ಹಾಳೆಯನ್ನು. ತೆಳುವಾದ ಸಾದಾ ಪಾಲಿಥಿನ್ ಕತ್ತಲೆಯ ಕಿರಣಗಳ ದೊಡ್ಡ ಭಾಗವನ್ನು ತಡೆಯದೆ ಬಿಡುತ್ತದೆ. ಈ ವಿಷಯದಲ್ಲಿ ಅದು ವುಡ್ಡನ ಉಪ್ಪಿನ ಹಲಗೆಯ ನೆಂಟ. ಆದರೂ ಹಗಲು ಅದರ ಒಳಗೆ ಬಿಸಿ ತಡೆಯಲಾರದೆ ರೈತರು ಪಕ್ಕದ ಹಾಳೆಗಳನ್ನು ಸುತ್ತಿ ಮೇಲಕ್ಕೇರಿಸಬೇಕಾಗುತ್ತದೆ. ವ್ಯತ್ಯಾಸ ಕಾಣುವುದು ರಾತ್ರಿಯಲ್ಲಿ. ಮೋಡವಿಲ್ಲದ ಶಾಂತವಾದ ರಾತ್ರಿ ಇಂತಹ ಮನೆಯ ಶಾಖ ಹಾಳೆಯ ಮೂಲಕ ಆಕಾಶಕ್ಕೆ ಸೋರಿ, ಒಳಗಿನ ಉಷ್ಣತೆ ಕೆಲವೊಮ್ಮೆ ಹೊರಗಿನದಕ್ಕಿಂತಲೂ ಕೆಳಗಿಳಿಯುವುದುಂಟು. ಹಾಳೆಯ ಒಳಮೈಗೆ ಇಬ್ಬನಿ ಕಟ್ಟಿಕೊಂಡರೆ ಆ ನೀರಿನ ತೆಳುಪದರವೇ ಕಿರಣಗಳನ್ನು ತಡೆದು ನಷ್ಟವನ್ನು ತಗ್ಗಿಸುತ್ತದೆ. ಫೂರಿಯೇಯ ಎರಡು ಕಾರಣಗಳಲ್ಲಿ ಒಂದು ಹಗಲಿನ ಒಡೆಯ, ಇನ್ನೊಂದು ರಾತ್ರಿಯ ಕಾವಲುಗಾರ ಎಂದು ಬೇಕಾದರೆ ಹೇಳಬಹುದು.

ಗಾಜಿದ್ದ ಮಾತ್ರಕ್ಕೆ ಬಿಸಿಯ ಮನೆಯಾಗುವುದಿಲ್ಲವೆಂಬುದಕ್ಕೆ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯೇ ನಿದರ್ಶನ. ಲಂಡನ್ನಿನ ಸ್ಫಟಿಕ ಭವನದ ಮಾದರಿಯಿಂದ ಪ್ರೇರಿತವಾದ ಈ ಕಟ್ಟಡಕ್ಕೆ, ಜಾನ್ ಕ್ಯಾಮೆರಾನ್ ತೋಟದ ಅಧಿಕಾರಿಯಾಗಿದ್ದ ಕಾಲದಲ್ಲಿ, ೧೮೮೯ರ ನವೆಂಬರಿನಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲನ್ನಿಟ್ಟನು. ಮೇಲೆ ಗಾಜಿದೆ, ಕೆಳಗೆ ಕಂಬಗಳ ನಡುವೆ ಗಾಳಿಗೆ ತೆರಪಿದೆ. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಗಳಲ್ಲಿ ಸಾವಿರಾರು ಜನ ಅದರೊಳಗೆ ಓಡಾಡುತ್ತಾರೆ. ಬೆಂದುಹೋದೆವೆಂದು ಯಾರೂ ದೂರುವುದಿಲ್ಲ.

ಇನ್ನು ವಾಯುಮಂಡಲ. ವುಡ್ ತನ್ನ ಟಿಪ್ಪಣಿಯ ಕೊನೆಯಲ್ಲಿ, ವಾಯುಮಂಡಲದ ಬಿಸಿಗೂ ಕತ್ತಲೆಯ ಕಿರಣಗಳಿಗೂ ಹೆಚ್ಚಿನ ಸಂಬಂಧವಿರಲಾರದೆಂಬ ಸಂಶಯವನ್ನು ಸೂಚಿಸಿದನು. ತಾನು ಆ ವಿಷಯದಲ್ಲಿ ಆಳಕ್ಕೆ ಹೋಗಿಲ್ಲವೆಂದೂ ಒಪ್ಪಿಕೊಂಡನು. ಭೂಮಿಯ ಬಿಸಿಯೇರುವಿಕೆಯ ವಿಜ್ಞಾನವೇ ಸುಳ್ಳೆಂದು ವಾದಿಸುವವರು ಇಂದಿಗೂ ಎತ್ತಿಹಿಡಿಯುವುದು ಈ ಸಂಶಯವನ್ನು. ಬಿಟ್ಟುಬಿಡುವುದು ಆ ಒಪ್ಪಿಗೆಯನ್ನು. ಫೂರಿಯೇಯ ಒಂದು ಕಾರಣವನ್ನು ಬಿಟ್ಟವರೂ ವುಡ್ಡನ ಒಂದು ವಾಕ್ಯವನ್ನು ಬಿಟ್ಟವರೂ ಮಾಡಿದುದು ಒಂದೇ ಬಗೆಯ ಅಪಚಾರ.

ರಟ್ಟಿನ ಪೆಟ್ಟಿಗೆಯ ಪ್ರಯೋಗ ವಾಯುಮಂಡಲಕ್ಕೆ ಏಕೆ ಸಲ್ಲುವುದಿಲ್ಲವೆಂಬುದು ಸ್ಪಷ್ಟ. ಪೆಟ್ಟಿಗೆಯ ಹೊರಗೆ ಗಾಳಿಯಿದೆ. ಭೂಮಿಯ ಹೊರಗೆ ಇಲ್ಲ. ಭೂಮಿಯಿಂದ ಆಕಾಶಕ್ಕೆ ಶಾಖ ಹೊರಡಬೇಕಾದರೆ ವಿಕಿರಣವೊಂದೇ ದಾರಿ. ನೆಲದ ಹತ್ತಿರ ಗಾಳಿ ಏರಲಿ, ನೀರು ಆವಿಯಾಗಲಿ, ಶಾಖ ಮೇಲಿನ ಪದರಗಳವರೆಗೆ ಹೋಗಲಿ. ಕೊನೆಯ ಗಡಿಯನ್ನು ದಾಟುವುದು ಕತ್ತಲೆಯ ಕಿರಣಗಳಾಗಿಯೇ. ನೀರಾವಿಯೂ ಇಂಗಾಲದ ಡೈಆಕ್ಸೈಡೂ ನೆಲದ ಕಿರಣಗಳನ್ನು ಹೀರಿಕೊಳ್ಳುವುದರಿಂದ, ಆಕಾಶಕ್ಕೆ ತಪ್ಪಿಸಿಕೊಂಡು ಹೋಗುವ ಕಿರಣಗಳಲ್ಲಿ ಹೆಚ್ಚಿನವು ನೆಲದಿಂದ ಹೊರಟವಲ್ಲ, ಮೈಲಿಗಳಷ್ಟು ಮೇಲಿರುವ ತಣ್ಣನೆಯ ಪದರಗಳಿಂದ ಹೊರಟವು. ತಣ್ಣನೆಯ ವಸ್ತು ಕಡಮೆ ಸೂಸುತ್ತದೆ. ಬಂದಷ್ಟು ಶಾಖ ಹೋಗಬೇಕಾದರೆ ಕೆಳಗಿನ ನೆಲ ಅಷ್ಟರಮಟ್ಟಿಗೆ ಹೆಚ್ಚು ಬಿಸಿಯಾಗಿರಬೇಕು. ಈ ವಾಯುಗಳೇ ಇಲ್ಲದಿದ್ದರೆ, ಈಗ ಹೀರಿಕೊಳ್ಳುವಷ್ಟೇ ಬಿಸಿಲನ್ನು ಹೀರಿಕೊಳ್ಳುವ ಭೂಮಿಯ ಸರಾಸರಿ ಉಷ್ಣತೆ ಸುಮಾರು ಶೂನ್ಯಕ್ಕಿಂತ ೧೮ ಡಿಗ್ರಿ ಕೆಳಗಿರುತ್ತಿತ್ತು. ನಿಜವಾಗಿ ಇರುವುದು ೧೫ ಡಿಗ್ರಿಯ ಹತ್ತಿರ. ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು ೨೮೦ ಭಾಗವಿದ್ದ ಇಂಗಾಲದ ಡೈಆಕ್ಸೈಡು ಈಗ ೪೨೦ನ್ನು ದಾಟಿದೆ. ಪ್ರಮಾಣ ಏರಿದಂತೆ ಕಿರಣಗಳು ತಪ್ಪಿಸಿಕೊಳ್ಳುವ ಪದರ ಇನ್ನೂ ಮೇಲಕ್ಕೆ, ಇನ್ನೂ ತಣ್ಣನೆಯ ಎಡೆಗೆ ಸರಿಯುತ್ತದೆ. ಟಿಂಡಲ್ಲನ ಒಡ್ಡಿನ ಮೇಲೆ ಇನ್ನೊಂದು ಸಾಲು ಕಲ್ಲು ಕಟ್ಟಿದಂತಾಗುತ್ತದೆ. ಮನೆಯಲ್ಲಿ ಮುಖ್ಯವಾದ ಗಾಳಿಯ ಬಂಧನ ಇಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ ಗೌಣವಾದ ಕಿರಣಗಳ ತಡೆ ಇಲ್ಲಿ ಸರ್ವಸ್ವ. ಹೆಸರು ತಪ್ಪಿದೆ, ವಿಜ್ಞಾನ ತಪ್ಪಿಲ್ಲ. ರೂಢವಾದ ಹೆಸರನ್ನು ಬದಲಾಯಿಸುವುದು ಈಗ ಆಗದ ಮಾತು. ಕೊಲಂಬಸನ ತಪ್ಪಿನಿಂದ ಅಮೆರಿಕದ ಮೂಲನಿವಾಸಿಗಳಿಗೆ ‘ಇಂಡಿಯನ್’ ಎಂಬ ಹೆಸರು ಶತಮಾನಗಳ ಕಾಲ ಅಂಟಿಕೊಂಡಿತಲ್ಲವೆ?

ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವವರು ವುಡ್ಡನ ಪ್ರಯೋಗವನ್ನು ಅಲ್ಪ ವೆಚ್ಚದಲ್ಲಿ ಮಾಡಿ ನೋಡಬಹುದು. ಉಪ್ಪಿನ ಹಲಗೆ ದೊರೆಯುವುದು ಕಷ್ಟ. ಬದಲಿಗೆ ತೆಳುವಾದ ಸಾದಾ ಪಾಲಿಥಿನ್ ಸಾಕು. ಒಳಗೆ ಕಪ್ಪು ಬಳಿದ ಒಂದೇ ಅಳತೆಯ ಮೂರು ರಟ್ಟಿನ ಪೆಟ್ಟಿಗೆಗಳು ಬೇಕು. ಒಂದಕ್ಕೆ ಗಾಜನ್ನೂ ಒಂದಕ್ಕೆ ಬಿಗಿಯಾಗಿ ಎಳೆದ ಪಾಲಿಥಿನ್ನನ್ನೂ ಮುಚ್ಚಿ ಅಂಚುಗಳನ್ನು ಮೆತ್ತಬೇಕು. ಮೂರನೆಯದಕ್ಕೂ ಗಾಜನ್ನೇ ಮುಚ್ಚಿ, ಎದುರುಬದುರಿನ ಪಕ್ಕಗಳಲ್ಲಿ ಮೇಲೊಂದು ಕೆಳಗೊಂದು ಕಿಂಡಿಯನ್ನು ಕೊಯ್ಯಬೇಕು. ಉಷ್ಣಮಾಪಕದ ಬುಡಕ್ಕೆ ಬಿಸಿಲು ನೇರವಾಗಿ ತಾಗದಂತೆ ಒಂದು ಸಣ್ಣ ಮರೆಯನ್ನು ಮಾಡುವುದು ಅಗತ್ಯ. ಬೆಳಗ್ಗೆ ಹತ್ತು ಗಂಟೆಯಿಂದ ಮಧ್ಯಾಹ್ನ ಎರಡರವರೆಗೆ ಕಾಲು ಗಂಟೆಗೊಮ್ಮೆ ಮೂರನ್ನೂ ಓದಿ ಬರೆದಿಟ್ಟುಕೊಂಡು, ಮೋಡವಿಲ್ಲದ ರಾತ್ರಿಯಲ್ಲಿ ಬಯಲಿನಲ್ಲಿಟ್ಟು ಮತ್ತೊಮ್ಮೆ ಓದಬೇಕು. ಅಂಕಿಗಳು ಏನು ಹೇಳುವುವೆಂಬುದನ್ನು ವಿದ್ಯಾರ್ಥಿಗಳಿಗೆ ಮುಂಚಿತವಾಗಿ ತಿಳಿಸದಿರುವುದು ಲೇಸು.